ಬಾಹ್ಯಾಕಾಶ ಸಿನಿಮಾದ ಲಾಜಿಕ್ ಬಗ್ಗೆ ವಾದ ಮಾಡುವುದು ಹೇಗೆ: ಮೊದಲು ಲೆಕ್ಕ, ಆಮೇಲೆ ಪಟ್ಟು

ಬಾಹ್ಯಾಕಾಶದ ಸಿನಿಮಾ ನೋಡಿ ಎದ್ದ ಮೇಲೆ ನಡೆಯುವ ಚರ್ಚೆ ಬಹಳ ಸಲ ಎರಡೇ ಮಾತಿನಲ್ಲಿ ನಿಂತುಹೋಗುತ್ತದೆ. ಒಬ್ಬರು 'ಹೀಗೆಲ್ಲ ಆಗೋಕೆ ಸಾಧ್ಯನೇ ಇಲ್ಲ' ಅನ್ನುತ್ತಾರೆ, ಇನ್ನೊಬ್ಬರು 'ಸಿನಿಮಾ ಕಣ್ರೀ, ಬಿಡಿ' ಅನ್ನುತ್ತಾರೆ. ಎರಡೂ ವಾದವಲ್ಲ. ಯಾರಾದರೂ ಒಂದು ಸಂಖ್ಯೆ ಮುಂದಿಟ್ಟು 'ಇದನ್ನು ತಪ್ಪೆಂದು ತೋರಿಸಿ' ಅಂದಾಗ ವಾದ ಶುರುವಾಗುತ್ತದೆ. ಅದಕ್ಕೆ ಬೇಕಾಗುವುದು ಪಿಯುಸಿ ಭೌತಶಾಸ್ತ್ರ, ಫೋನಿನ ಕ್ಯಾಲ್ಕುಲೇಟರ್, ಸಿನಿಮಾವನ್ನು ಎರಡನೇ ಸಲ ನೋಡುವ ತಾಳ್ಮೆ, ಇಷ್ಟೇ.

ದೃಶ್ಯವನ್ನು ಬರೆದಿಟ್ಟುಕೊಳ್ಳಿ

ಎರಡನೇ ಸಲ ನೋಡುವಾಗ ಸಬ್‌ಟೈಟಲ್ ಹಾಕಿಕೊಳ್ಳಿ. ಅನುಮಾನ ಬಂದ ಕಡೆ ನಿಲ್ಲಿಸಿ ಮೂರು ವಿಷಯ ಬರೆಯಿರಿ: ಎಷ್ಟನೇ ನಿಮಿಷ, ಪಾತ್ರ ಆಡಿದ ಮಾತು, ಅದರಲ್ಲಿರುವ ಸಂಖ್ಯೆ. ನೆನಪಿನಿಂದ ವಾದಿಸುವವರು ಸೋಲುವುದು ಇಲ್ಲೇ. ಮಂಗಳದಲ್ಲಿ ಒಬ್ಬಂಟಿಯಾಗಿ ಉಳಿದುಹೋದ ಗಗನಯಾತ್ರಿಯ ಕಥೆಯಾದ 2015ರ 'ದ ಮಾರ್ಷಿಯನ್' ಬಗ್ಗೆ 'ಗಾಳಿ ರಾಕೆಟ್ಟನ್ನೇ ಕೆಡವಿತು' ಎಂದು ಹೇಳುವವರಿದ್ದಾರೆ. ಸಿನಿಮಾದಲ್ಲಿ ರಾಕೆಟ್ ಬೀಳುವುದಿಲ್ಲ, ವಾಲುತ್ತದೆ. ಬಿದ್ದೀತೆಂಬ ಭಯಕ್ಕೆ ನಾಯಕನ ಸಹಯಾತ್ರಿಗಳೆಲ್ಲ ಹೊರಡುತ್ತಾರೆ. ಗಾಳಿಯ ಬಲ 8,600 ನ್ಯೂಟನ್ ಆಗಬಹುದು, 7,500 ದಾಟಿದರೆ ಹೊರಡಬೇಕು ಎಂಬ ಮಾತೂ ಬರುತ್ತದೆ. ನಿಮಗೆ ಬೇಕಿದ್ದದ್ದು ಆ ಸಂಖ್ಯೆ.

ನಂತರ ಆಕ್ಷೇಪಗಳನ್ನು ಬೇರ್ಪಡಿಸಿ. ಪ್ರಕೃತಿ ನಿಯಮ ಮುರಿದದ್ದು ಒಂದು ಬಗೆ. ನಿಯಮಕ್ಕೆ ವಿರೋಧವಿಲ್ಲ, ಆದರೆ ಅಂಥ ಯಂತ್ರ ಮಾಡುವುದು ಕಷ್ಟ ಎಂಬುದು ಇನ್ನೊಂದು. ಪಾತ್ರದ ತೀರ್ಮಾನ ಸರಿಯಿಲ್ಲ ಎಂಬುದು ಮೂರನೆಯದು. ಇವನ್ನು ಬೆರೆಸಿದರೆ ಚರ್ಚೆ ಹಳ್ಳ ಹಿಡಿಯುತ್ತದೆ. ಮಂಗಳದ ಗುರುತ್ವ ಭೂಮಿಯ ಶೇ. 38 ಮಾತ್ರ ಇದ್ದರೂ ನಟರು ಮಾಮೂಲಾಗಿ ನಡೆಯುವುದು ಈ ಮೂರರಲ್ಲಿ ಯಾವುದಕ್ಕೂ ಸೇರದು. ಚಿತ್ರೀಕರಣ ಭೂಮಿಯ ಮೇಲೆ ಆಗಿದೆ, ಅದನ್ನು ಬಿಟ್ಟುಬಿಡಿ.

ಬಿರುಗಾಳಿಯ ಲೆಕ್ಕ

ಮಂಗಳದ ನೆಲಮಟ್ಟದಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 0.02 ಕೆ.ಜಿ., ಭೂಮಿಯಲ್ಲಿ 1.225. ಗಾಳಿ ಒಡ್ಡುವ ಒತ್ತಡ ತಿಳಿಯಲು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಸಿನಿಮಾಕ್ಕೆ ಮೂಲವಾದ ಕಾದಂಬರಿಯಲ್ಲಿ ಬಿರುಗಾಳಿಯ ವೇಗ ಗಂಟೆಗೆ 175 ಕಿ.ಮೀ., ಅಂದರೆ ಸೆಕೆಂಡಿಗೆ 48.6 ಮೀಟರ್. ಗುಣಿಸಿದರೆ ಚದರ ಮೀಟರಿಗೆ ಸುಮಾರು 24 ನ್ಯೂಟನ್ ಬರುತ್ತದೆ. ಭೂಮಿಯಲ್ಲಿ ಗಂಟೆಗೆ 22 ಕಿ.ಮೀ. ವೇಗದ ಗಾಳಿ ಕೊಡುವ ಒತ್ತಡವೂ ಅಷ್ಟೇ: ತಂತಿಯ ಮೇಲೆ ಒಣಹಾಕಿದ ಸೀರೆ ಹಾರಾಡುವ ಗಾಳಿ. ಗಾಳಿಗೆ ಎದುರಾಗಿರುವ ರಾಕೆಟ್ಟಿನ ಮೈ 50 ಚದರ ಮೀಟರ್ ಎಂದು ಉದಾರವಾಗಿಯೇ ಹಿಡಿದರೂ ಬಲ ಬರುವುದು 1,200 ನ್ಯೂಟನ್. ಸಿನಿಮಾ ಹೇಳುವ 8,600 ಬೇಕಾದರೆ ಗಾಳಿ ಗಂಟೆಗೆ 470 ಕಿ.ಮೀ. ವೇಗದಲ್ಲಿ ಬೀಸಬೇಕು. ಮಂಗಳದ ಜೋರು ಬಿರುಗಾಳಿಗಳೂ 100 ಕಿ.ಮೀ. ಆಸುಪಾಸಿನವು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ವೇಗವನ್ನು ಕಿ.ಮೀ.ನಲ್ಲೇ ಇಟ್ಟು ವರ್ಗ ಮಾಡುವುದು. ಉತ್ತರ 13 ಪಟ್ಟು ಹಿಗ್ಗುತ್ತದೆ, ಎದುರಾಳಿ ಅದನ್ನು ಹಿಡಿದರೆ ನಿಮ್ಮ ಉಳಿದ ಲೆಕ್ಕಗಳನ್ನೂ ಯಾರೂ ನಂಬುವುದಿಲ್ಲ. ಮೊದಲು 3.6ರಿಂದ ಭಾಗಿಸಿ.

ಲೇಖಕ ಆ್ಯಂಡಿ ವಿಯರ್ ಇದನ್ನು ತಾವೇ ಒಪ್ಪಿದ್ದಾರೆ. ಕಥೆ ಶುರುವಾಗಲು ಪ್ರಕೃತಿಯೇ ಮೊದಲ ಏಟು ಕೊಡಬೇಕಿತ್ತು, ಗೊತ್ತಿದ್ದೇ ಬರೆದದ್ದು. ಹಾಗಾಗಿ ಈ ತಪ್ಪನ್ನು ಎತ್ತಿ ತೋರಿಸಿ ಗೆದ್ದೆವು ಎಂದುಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಕಥೆ ಹೊರಡಲು ಒಂದು ಸುಳ್ಳನ್ನು ಬಿಟ್ಟುಕೊಡುವುದು ನ್ಯಾಯ. ಕಷ್ಟದಲ್ಲಿ ಸಿಕ್ಕಿದ ಪಾತ್ರ ಪಾರಾಗುವುದೂ ಸುಳ್ಳಿನಿಂದಲೇ ಆದರೆ ಅಲ್ಲಿ ಪಟ್ಟು ಹಿಡಿಯಿರಿ.

ಅಂಥ ಜಾಗ ಇದೇ ಸಿನಿಮಾದಲ್ಲಿದೆ, ಆದರೆ ಜನ ಗಮನಿಸುವುದು ಕಡಿಮೆ. ಏರ್‌ಲಾಕ್ (ಗಾಳಿ ಸೋರದಂತೆ ಒಳಗೆ ಹೊರಗೆ ಹೋಗುವ ಜೋಡಿ ಬಾಗಿಲಿನ ಕೋಣೆ) ಸಿಡಿದು ಹೋದ ಮೇಲೆ ನಾಯಕ ಆ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಸುತ್ತುತ್ತಾನೆ. ರಾತ್ರಿ ಬಿರುಗಾಳಿಗೆ ಹಾಳೆ ಪಟಪಟ ಬಡಿದುಕೊಳ್ಳುತ್ತದೆ. ಒಳಗೆ ಭೂಮಿಯ ಮೂರನೇ ಒಂದರಷ್ಟು ಒತ್ತಡ ಇಟ್ಟರೂ ಪ್ರತಿ ಚದರ ಮೀಟರಿನ ಮೇಲೆ ಮೂರು ಟನ್ನಿಗೂ ಹೆಚ್ಚು ಭಾರ ಹೊರಕ್ಕೆ ನೂಕುತ್ತಿರುತ್ತದೆ. ಹೊರಗಿನ ಗಾಳಿಯದು ಎರಡೂವರೆ ಕೆ.ಜಿ. ಭಾರದಷ್ಟು. ಹಾಳೆ ಉಬ್ಬಿ ಬಿಗಿಯಾಗಿ ನಿಲ್ಲಬೇಕು, ಇಲ್ಲವೇ ಕಿತ್ತುಹೋಗಬೇಕು. ಒಳಕ್ಕೂ ಹೊರಕ್ಕೂ ಬಡಿದುಕೊಳ್ಳಲು ಸಾಧ್ಯವಿಲ್ಲ.

ಸಿನಿಮಾದ ಪರವೂ ಲೆಕ್ಕ ಹಾಕಿ

'ವಿಕಿರಣಕ್ಕೇ ಸತ್ತುಹೋಗ್ತಿದ್ದ' ಎಂಬ ಆಕ್ಷೇಪ ಖಂಡಿತ ಬರುತ್ತದೆ. ಕ್ಯೂರಿಯಾಸಿಟಿ ರೋವರ್ ಮಂಗಳದ ನೆಲದಲ್ಲಿ ಅಳೆದದ್ದು ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಒಂದೂವರೆ ವರ್ಷಕ್ಕೆ 370 ಆಗುತ್ತದೆ. ನಾಸಾ ಒಬ್ಬ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600. ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚೀತು, ಅಲ್ಲೇ ಸಾಯುವುದಿಲ್ಲ. ನಾಯಕ ನೀರು ಮಾಡುವ ರಸಾಯನವೂ ಸರಿ: ಒಂದು ಕೆ.ಜಿ. ಹೈಡ್ರಜೀನ್ ಎಂಬ ರಾಕೆಟ್ ಇಂಧನ ಒಡೆದರೆ 125 ಗ್ರಾಂ ಹೈಡ್ರೋಜನ್ ಸಿಗುತ್ತದೆ, ಅದನ್ನು ಒಂದು ಕೆ.ಜಿ. ಆಮ್ಲಜನಕದಲ್ಲಿ ಸುಟ್ಟರೆ 1.125 ಲೀಟರ್ ನೀರು. ಅವನು ಮಂಗಳದ ಮಣ್ಣಿನಲ್ಲಿ ಬೆಳೆಯುವ ಆಲೂಗಡ್ಡೆಯ ವಿಷಯದಲ್ಲಿ ಮಾತ್ರ ಆಕ್ಷೇಪ ಉಳಿಯುತ್ತದೆ. ಆ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷಕಾರಿ ಲವಣ ಇದೆ ಎಂದು ಫೀನಿಕ್ಸ್ ನೌಕೆ 2008ರಲ್ಲೇ ಕಂಡುಹಿಡಿದಿತ್ತು. ಅದು ನೀರಿನಲ್ಲಿ ಕರಗುವುದರಿಂದ ತೊಳೆದು ತೆಗೆಯಬಹುದು, ಆದರೆ ತೊಳೆಯುವುದನ್ನು ಸಿನಿಮಾ ತೋರಿಸುವುದಿಲ್ಲ.

ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಮುಚ್ಚಿ

ಒಂದು ಲೆಕ್ಕ ಹೇಳಿ ಸುಮ್ಮನಾಗಬೇಡಿ. 2013ರ 'ಗ್ರ್ಯಾವಿಟಿ'ಯಲ್ಲಿ ಹಬಲ್ ದೂರದರ್ಶಕದ ಬಳಿಯಿಂದ ಬೆನ್ನಿನ ಜೆಟ್‌ಪ್ಯಾಕ್ ಒಂದರಿಂದಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತಾರೆ. ಸಮಭಾಜಕಕ್ಕೆ ಹಬಲ್ ಕಕ್ಷೆಯ ಓರೆ 28.5 ಡಿಗ್ರಿ, ನಿಲ್ದಾಣದ್ದು 51.6. ವ್ಯತ್ಯಾಸ ಕಡಿಮೆಯೆಂದರೂ 23.1 ಡಿಗ್ರಿ. ಕಕ್ಷೆ ತಿರುಗಿಸಲು ಬೇಕಾದ ವೇಗ ಎಂದರೆ ಕಕ್ಷಾವೇಗದ ಎರಡು ಪಟ್ಟನ್ನು ಅರ್ಧ ಕೋನದ ಸೈನ್‌ನಿಂದ ಗುಣಿಸಿದ್ದು: 2 × 7.6 × 0.2, ಸೆಕೆಂಡಿಗೆ 3 ಕಿ.ಮೀ. 1984ರಲ್ಲಿ ನಾಸಾ ಬಳಸಿದ ನಿಜವಾದ ಜೆಟ್‌ಪ್ಯಾಕ್ ಒಟ್ಟು ಬದಲಾಯಿಸಬಲ್ಲ ವೇಗ ಸೆಕೆಂಡಿಗೆ 25 ಮೀಟರ್.

ಎದುರಾಳಿ ಹೇಳುತ್ತಾರೆ: 'ಇದು ಹೊಸ ಮಾದರಿ.' ಸರಿ, ತಣ್ಣನೆಯ ಸಾರಜನಕ ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಚಿಮ್ಮುತ್ತದೆ ಎಂದುಕೊಳ್ಳಿ. ಆಗ ಆಳು, ಉಡುಪು, ಪ್ಯಾಕ್ ಸೇರಿ 300 ಕೆ.ಜಿ. ಸಾಗಿಸಲು 20 ಟನ್ನಿಗೂ ಹೆಚ್ಚು ಅನಿಲ ಬೇಕು. ಇನ್ನೂ ಗಟ್ಟಿಯಾದ ಉತ್ತರವೊಂದಿದೆ: 'ಸಿನಿಮಾದ ಲೋಕದಲ್ಲಿ ಎರಡೂ ಒಂದೇ ಓರೆಯಲ್ಲಿವೆ.' ಇದನ್ನು ಒಪ್ಪಿಕೊಳ್ಳಿ. ಆಗಲೂ 540ರ ಸುಮಾರಿನ ಎತ್ತರದಿಂದ 400 ಕಿ.ಮೀ.ಗೆ ಇಳಿಯಲು ಸೆಕೆಂಡಿಗೆ ಸುಮಾರು 80 ಮೀಟರ್ ಬೇಕು, ನಿಜವಾದ ಪ್ಯಾಕ್‌ನ ಮೂರು ಪಟ್ಟು. 'ಎತ್ತರವೂ ಒಂದೇ' ಎಂದು ಅವರು ಅಂದರೆ ಅಲ್ಲಿಗೆ ನಿಲ್ಲಿಸಿ. ಕಥೆಗಾಗಿ ಎಷ್ಟನ್ನು ಬದಲಾಯಿಸಬೇಕಾಯಿತು ಎಂಬುದು ಎಲ್ಲರಿಗೂ ಕಂಡಿರುತ್ತದೆ.

ಕಥೆಯ ಲಾಜಿಕ್‌ಗೆ ಬೇರೆ ಅಳತೆ

ಇಲ್ಲಿ ಕೇಳಬೇಕಾದ್ದು ಒಂದೇ: ಆ ನಿಮಿಷದಲ್ಲಿ ಆ ಪಾತ್ರಕ್ಕೆ ಏನು ಗೊತ್ತಿತ್ತು? ವೀಕ್ಷಕರಿಗೆ ಗೊತ್ತಿರುವುದನ್ನು ಪಾತ್ರದ ತಲೆಗೆ ತುಂಬಿ 'ದಡ್ಡತನ' ಎನ್ನುವುದು ಅನ್ಯಾಯ. 'ದ ಮಾರ್ಷಿಯನ್' ನಾಯಕನ ಉಡುಪಿನ ಆರೋಗ್ಯ ಸೂಚಕವನ್ನು ಆಂಟೆನಾ ತುಂಡು ಚುಚ್ಚಿ ಕೆಡಿಸಿದೆ, ಸಂಕೇತ ಸೊನ್ನೆ, ಕಣ್ಣಿಗೆ ಏನೂ ಕಾಣುತ್ತಿಲ್ಲ, ರಾಕೆಟ್ ವಾಲುತ್ತಿದೆ. ಕಮಾಂಡರ್ ಅವನನ್ನು ಬಿಟ್ಟು ಹೊರಟದ್ದು ಸರಿಯಾದ ತೀರ್ಮಾನವೇ. ಅವನು ಬದುಕಿರುವುದನ್ನು ನಾಸಾ ಸಹಯಾತ್ರಿಗಳಿಂದ ಮುಚ್ಚಿಟ್ಟದ್ದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಅದು ನೀತಿಯ ಜಗಳ, ಕಥೆಯ ದೋಷವಲ್ಲ. ಅವನಿಗೆ ಆಹಾರ ಕಳಿಸುವ ಸರಕು ನೌಕೆಯ ತಪಾಸಣೆ ಕೈಬಿಟ್ಟದ್ದು, ಅದು ಸಿಡಿದದ್ದು ಕೂಡ ದೋಷವಲ್ಲ: ಆತುರಕ್ಕೆ ಕಾರಣವನ್ನೂ ಅದರ ಫಲವನ್ನೂ ಸಿನಿಮಾ ತೋರಿಸಿದೆ.

ಸಂದೇಶಗಳ ಸಮಯವನ್ನೂ ನೋಡಿ. ಮಂಗಳಕ್ಕೆ ಸಂಕೇತ ಹೋಗಲು 3ರಿಂದ 22 ನಿಮಿಷ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಸುಮಾರು 12 ನಿಮಿಷ ಬೇಕಾಗಿತ್ತು. ಬೆಂಗಳೂರಿನಿಂದ ಆ ಹೊತ್ತಿನಲ್ಲಿ ನಡೆಸಲು ಆಗದ ಕಾರಣ ಆದೇಶಗಳನ್ನು ಮೊದಲೇ ನೌಕೆಗೆ ತುಂಬಿಟ್ಟಿದ್ದರು. ಪ್ರಶ್ನೆ, ಉತ್ತರಗಳ ನಡುವೆ ದೃಶ್ಯ ಕತ್ತರಿಸಿದ್ದರೆ ಸಮಯ ಕಳೆದಿದೆ ಎಂದು ಸಿನಿಮಾಕ್ಕೆ ಬಿಟ್ಟುಕೊಡಿ. ಒಂದೇ ಶಾಟ್‌ನಲ್ಲಿ ಉತ್ತರ ಬಂದರೆ ಮಾತ್ರ ಗುರುತು ಹಾಕಿ.

ಕೂತು ವಾದಿಸುವಾಗ

ಒಂದು ಸಂಜೆಗೆ ಮೂರು ದೃಶ್ಯಕ್ಕಿಂತ ಹೆಚ್ಚು ಬೇಡ. ಲೆಕ್ಕ ನೋಡಲು ಯಾವ ಪಕ್ಷಕ್ಕೂ ಸೇರದ ಒಬ್ಬರನ್ನು ಕೂರಿಸಿ. ಮಾತು ಶುರುವಾಗುವ ಮೊದಲೇ, ಯಾವ ಸಂಖ್ಯೆ ಬಂದರೆ ಸೋಲೊಪ್ಪುತ್ತೀರಿ ಎಂದು ಎರಡೂ ಕಡೆಯವರು ಚೀಟಿಯಲ್ಲಿ ಬರೆದಿಡಬೇಕು. ಇದನ್ನು ಬಿಟ್ಟರೆ ಸೋಲುವವರು ಮಧ್ಯದಲ್ಲಿ ಅಳತೆಗೋಲನ್ನೇ ಬದಲಾಯಿಸುತ್ತಾರೆ.

ಮೊದಲ ಸಂಜೆಗೆ 'ದ ಮಾರ್ಷಿಯನ್'ನ ಕೊನೆಯಲ್ಲಿ ನಾಯಕ ಬಾಹ್ಯಾಕಾಶದಲ್ಲಿ ಕೈಗವಸು ತೂತು ಮಾಡಿ, ಚಿಮ್ಮುವ ಅನಿಲದ ತಳ್ಳಿನಿಂದ ಹಾರುವ ದೃಶ್ಯ ಒಳ್ಳೆಯದು. ಉಡುಪಿನೊಳಗೆ 30,000 ಪ್ಯಾಸ್ಕಲ್ ಒತ್ತಡದಲ್ಲಿ ನೂರು ಲೀಟರ್ ಆಮ್ಲಜನಕ ಇದೆ ಎಂದು ಹಿಡಿದರೆ ಅದರ ತೂಕ 40 ಗ್ರಾಂ. ಅದು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಚಿಮ್ಮಿದರೆ 150 ಕೆ.ಜಿ. ತೂಕದ ಆಳಿಗೆ ಸಿಗುವ ವೇಗ ಸೆಕೆಂಡಿಗೆ 13 ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರ್ ತೂತಾದರೆ ಒತ್ತಡ ಐದಾರು ಸೆಕೆಂಡಿನಲ್ಲೇ ಮೂರನೇ ಒಂದಕ್ಕೆ ಇಳಿಯುತ್ತದೆ. ಸಿನಿಮಾದ ಪರ ಇರುವವರು ಬೆನ್ನಿನ ಟ್ಯಾಂಕ್ ಎಷ್ಟು ಅನಿಲ ತುಂಬಿಕೊಡುತ್ತದೆ ಎಂದು ತೋರಿಸಲಿ. ವಿರೋಧಿಗಳು ಮಣಿಕಟ್ಟಿನಿಂದ ಬರುವ ತಳ್ಳು ದೇಹದ ತೂಕದ ಕೇಂದ್ರದ ಮೂಲಕ ಹಾಯದಿದ್ದರೆ ಅವನು ಎಷ್ಟು ವೇಗವಾಗಿ ಗಿರಗಿರ ತಿರುಗುತ್ತಾನೆ ಎಂದು ಲೆಕ್ಕ ಹಾಕಿ ತರಲಿ.