ಕ್ರಾಫ್ಟ್ ಬಿಯರ್ ರುಚಿ ನೋಡಿ ವಿಮರ್ಶೆ ಬರೆಯುವ ಬಗೆ

ಪುಣೆಯಲ್ಲಿ ಡೂಲಾಲಿ ಎಂಬ ಸಣ್ಣ ಬ್ರೂವರಿ (ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗ) ಶುರುವಾಗಿದ್ದು 2009ರಲ್ಲಿ. ಆಮೇಲೆ ಊರಲ್ಲಿ ಸಣ್ಣ ಬ್ರೂವರಿಗಳು ಹೆಚ್ಚಿದವು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಹೆಚ್ಚಲಿಲ್ಲ. ‘ಸೂಪರ್’, ‘ಪರವಾಗಿಲ್ಲ’ ಎಂದು ಬರೆದರೆ ಓದುಗರಿಗೂ ಬಿಯರ್ ಮಾಡಿದವರಿಗೂ ಉಪಯೋಗವಿಲ್ಲ.

ಮಿಸಳ್ ತಿಂದ ಬಾಯಲ್ಲಿ ಹೋಗಬೇಡಿ. ನಾಲಿಗೆ ಉರಿಯುತ್ತಿದ್ದರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ನವಿರಾದ ಸಿಹಿ ತಿಳಿಯುವುದೇ ಇಲ್ಲ. ನಡುನಡುವೆ ನೀರು, ಬರೀ ಪಾವ್ ಸಾಕು. ತಲಾ 100 ಮಿಲಿಯ ನಾಲ್ಕು ಗ್ಲಾಸ್ ತರಿಸಿ, ಗೋಧಿ ಬಿಯರಿನಿಂದ ಶುರುಮಾಡಿ ತಿಳಿ ಬಣ್ಣದ ಪೇಲ್ ಏಲ್, ಹಾಪ್ ಹೂವಿನ ಕಹಿ ಜಾಸ್ತಿಯಿರುವ ಐಪಿಎ, ಹುರಿದ ಧಾನ್ಯದ ಕಪ್ಪು ಸ್ಟೌಟ್ ಎಂದು ಮುಂದೆ ಹೋಗಿ. ಐಪಿಎ ಮೊದಲು ಕುಡಿದರೆ ಗೋಧಿ ಬಿಯರ್ ಸಪ್ಪೆ ಎನಿಸುತ್ತದೆ.

ಫ್ರೀಜರಿನಲ್ಲಿಟ್ಟ ಮಗ್ ಕೊಟ್ಟರೆ ಬೇಡವೆನ್ನಿ. ಅತಿಯಾದ ತಂಪಿಗೆ ಪರಿಮಳ ಏಳುವುದಿಲ್ಲ. ಗೋಧಿ ಬಿಯರಿಗೆ 5–7 ಡಿಗ್ರಿ, ಐಪಿಎಗೆ 7–10, ಸ್ಟೌಟಿಗೆ 10–13 ಡಿಗ್ರಿ ಸರಿ. ಗ್ಲಾಸಿನ ಒಳಮೈಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅದು ಸರಿಯಾಗಿ ತೊಳೆದದ್ದಲ್ಲ, ಬೇರೆ ಕೇಳಿ.

ನೊರೆ, ಬಣ್ಣ ನೋಡಿದ ತಕ್ಷಣ ಮೂಸಿ. ಮೊದಲ ಪರಿಮಳ ಬೇಗ ಹಾರಿಹೋಗುತ್ತದೆ, ಆಗಲೇ ಬರೆದುಕೊಳ್ಳಿ. ನಿಮ್ಮ ಅಡುಗೆಮನೆಯ ಹೆಸರುಗಳನ್ನೇ ಬಳಸಿ: ಮಾಗಿದ ಬಾಳೆಹಣ್ಣು, ಲವಂಗ, ಕಿತ್ತಳೆ ಸಿಪ್ಪೆ, ಹುರಿದ ಕಾಫಿಬೀಜ. ಆಮೇಲೆ ಗುಟುಕು. ಉಗುಳಬೇಡಿ, ಕಹಿ ಪೂರ್ತಿ ಗೊತ್ತಾಗುವುದು ನುಂಗಿದ ಮೇಲೆಯೇ.

ದೋಷ ಗುರುತಿಸುವಾಗ ಅದು ಯಾವ ಶೈಲಿಯ ಬಿಯರ್ ಎಂಬುದು ನೆನಪಿರಲಿ. ಹೆಫೆವೈಜನ್ ಎಂಬ ಜರ್ಮನ್ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗ ಇರಲೇಬೇಕು, ಅವು ಯೀಸ್ಟಿನ ಕೊಡುಗೆ. ತಂಪಿನಲ್ಲಿ ಹುದುಗಿಸುವ ಲಾಗರಿನಲ್ಲಿ ಲವಂಗ ಬಂದರೆ ತಪ್ಪು. ಬೆಣ್ಣೆಯ ವಾಸನೆ ಎಂದರೆ ಡೈಅಸಿಟೈಲ್ ಎಂಬ ರಾಸಾಯನಿಕ: ಹುದುಗುವಿಕೆಯ ಕೊನೆಯಲ್ಲಿ ಯೀಸ್ಟಿಗೆ ಅದನ್ನು ಮತ್ತೆ ಹೀರಿಕೊಳ್ಳುವಷ್ಟು ಸಮಯ ಕೊಟ್ಟಿಲ್ಲ. ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ಬಿಯರ್ ಸುರಿಸುವ ನಲ್ಲಿಯ ಪೈಪ್ ಕೊಳೆಯಾಗಿರುವ ಸಂಭವ ಹೆಚ್ಚು. ಅದನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳಸು. ಬೇಯಿಸಿದ ಜೋಳದ ವಾಸನೆಗೆ ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) ಸಾಕಷ್ಟು ಕುದಿಯದಿರುವುದು ಅಥವಾ ನಿಧಾನವಾಗಿ ತಣಿದಿರುವುದು ಕಾರಣ. ಒದ್ದೆ ರಟ್ಟಿನ ವಾಸನೆ ಆಮ್ಲಜನಕ ತಗುಲಿದ ಹಳೆಯ ಬಿಯರಿನದು. ಸೆಕೆಯಲ್ಲಿಟ್ಟ ಕ್ಯಾನುಗಳು ಇನ್ನೂ ಬೇಗ ಹೀಗಾಗುತ್ತವೆ. ಗೋವಾದ ಕಡಲತೀರದ ಶ್ಯಾಕಿನಲ್ಲಿ ಹಸಿರು ಬಾಟಲಿಯನ್ನು ಬಿಸಿಲಿಗೆ ಇಟ್ಟರೆ ಹಾಪ್ ಕೆಟ್ಟು ನಾರಲು ಕೆಲವೇ ನಿಮಿಷ ಸಾಕು. ಅದಕ್ಕೆ ಬ್ರೂವರಿಯನ್ನು ದೂರುವುದು ಅನ್ಯಾಯ.

ಅಂಕ ಕೊಡುವುದಾದರೆ ಬಿಯರ್ ತೀರ್ಪುಗಾರರನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಬಿಜೆಸಿಪಿ ಸಂಸ್ಥೆಯ 50ರ ಪಟ್ಟಿ ಚೆನ್ನ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಮೂರೇ ಅಂಕ ಎಂಬುದನ್ನು ಫೋಟೊ ತೆಗೆಯುತ್ತ ನೊರೆ ಇಳಿಸುವವರು ಗಮನಿಸಬೇಕು.

ಬರೆಯುವಾಗ ಶೈಲಿ, ಆಲ್ಕೋಹಾಲ್ ಪ್ರಮಾಣ, ಕುಡಿದ ತಾರೀಖು, ನಲ್ಲಿಯದೋ ಕ್ಯಾನಿನದೋ ಎಂಬುದು ಇರಲಿ. ಶೈಲಿಗೆ ಸರಿಯಾಗಿದೆಯೇ ಎಂಬುದು ಒಂದು ಮಾತು, ನಿಮಗೆ ಹಿಡಿಸಿತೇ ಎಂಬುದು ಬೇರೆ ಮಾತು. ಎರಡನ್ನೂ ಬಿಡಿಬಿಡಿಯಾಗಿ ಹೇಳಿ. ದೋಷ ಕಂಡರೆ ಇನ್ನೊಂದು ದಿನ, ಬೇರೆ ಕೆಗ್ (ಬಿಯರ್ ಪೀಪಾಯಿ) ಹಾಕಿದ ಮೇಲೆ ಮತ್ತೆ ಕುಡಿದು ನೋಡಿ. ಆಗಲೂ ಅದೇ ವಾಸನೆ ಬಂದರೆ ಮುಲಾಜಿಲ್ಲದೆ ಬರೆಯಿರಿ.