ಲಿನಕ್ಸ್‌ನಲ್ಲಿ ಧ್ವನಿಮುದ್ರಣದ ಚಟಪಟ ಸದ್ದು ನಿಂತ ಬಗೆ

ವಿಜಯಪುರದ ನಮ್ಮ ಮನೆಯಲ್ಲಿ ಕಾಕಾ ಹಾಡುವ ತತ್ವಪದಗಳನ್ನು ಲಿನಕ್ಸ್‌ನಲ್ಲಿ ಧ್ವನಿಮುದ್ರಿಸುವಾಗ, ಏಕತಾರಿಯ ನಾದದ ನಡುವೆ ಚಟಪಟ ಸದ್ದು ಸೇರಿಕೊಳ್ಳುತ್ತಿತ್ತು. ಧ್ವನಿಯ ಮಾದರಿಗಳನ್ನು (ಫ್ರೇಮ್‌ಗಳನ್ನು) ತುಸು ಹೊತ್ತು ಕೂಡಿಡುವ ಬಫರನ್ನು 128ರಿಂದ 1024 ಫ್ರೇಮ್‌ಗಳಿಗೆ ಏರಿಸಿದರೆ ಸದ್ದು ನಿಲ್ಲುತ್ತಿತ್ತಾದರೂ, 48,000 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಅಷ್ಟು ಫ್ರೇಮ್‌ಗಳು) ಅದೊಂದೇ ಸುಮಾರು 21 ಮಿಲಿಸೆಕೆಂಡ್ ವಿಳಂಬ ತರುವುದರಿಂದ, ಹೆಡ್‌ಫೋನಿನಲ್ಲಿ ತಮ್ಮದೇ ದನಿ ಕೇಳುತ್ತ ಹಾಡುತ್ತಿದ್ದ ಕಾಕಾ ತಾಳ ತಪ್ಪುತ್ತಿದ್ದರು. ಇಂಥ ಹಾಡಿಕೆಗೆ ಅದು ಪರಿಹಾರವೇ ಅಲ್ಲ.

ದೋಷ ಸೌಂಡ್ ಕಾರ್ಡಿನದೆಂದು ಶಂಕಿಸಿದ್ದೆ. ನಿಜವಾದ ಕಾರಣವೆಂದರೆ, ಸೌಂಡ್ ಕಾರ್ಡಿಗೂ ತಂತ್ರಾಂಶಗಳಿಗೂ ನಡುವೆ ಧ್ವನಿ ಸಾಗಿಸುವ ಜ್ಯಾಕ್ ಸರ್ವರ್‌ಗೆ ರಿಯಲ್‌ಟೈಮ್ ಆದ್ಯತೆ (ಬೇರೆ ಕೆಲಸಗಳಿಗಿಂತ ಮೊದಲು ಪ್ರೊಸೆಸರ್ ಸಿಗುವ ಹಕ್ಕು) ಪಡೆಯುವ ಅನುಮತಿಯೇ ಇರಲಿಲ್ಲ. ನನ್ನ ಖಾತೆಯನ್ನು ಆಡಿಯೊ ಗುಂಪಿಗೆ ಸೇರಿಸಿ, ಬಳಕೆದಾರರ ಮಿತಿಗಳನ್ನು ನಿಗದಿಪಡಿಸುವ ಲಿಮಿಟ್ಸ್ ಕಡತದಲ್ಲಿ ಆ ಗುಂಪಿಗೆ ಆರ್‌ಟಿಪ್ರಿಯೊ (ರಿಯಲ್‌ಟೈಮ್ ಆದ್ಯತೆಯ ಮಿತಿ) 95, ಮೆಮ್‌ಲಾಕ್ (ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುವ ಮಿತಿ) ಅನ್‌ಲಿಮಿಟೆಡ್ ಎಂದು ಬರೆದು, ಲಾಗ್‌ಔಟ್ ಮಾಡಿ (ಇದನ್ನು ಮರೆತು ಒಂದು ಸಂಜೆ ಕಳೆದಿದ್ದೆ) ಮತ್ತೆ ಲಾಗಿನ್ ಆದೆ. ಈಗ 128 ಫ್ರೇಮ್‌ಗಳಲ್ಲಿಯೇ ಒಂದು ಗಂಟೆ ಮುದ್ರಿಸಿದರೂ ಎಕ್ಸ್‌ರನ್ (ಬಫರಿನ ಕೆಲಸ ಸಮಯಕ್ಕೆ ಮುಗಿಯದೆ ಧ್ವನಿ ತುಂಡಾಗುವುದು) ಎಣಿಕೆ ಸೊನ್ನೆಯಲ್ಲಿಯೇ ನಿಂತಿರುತ್ತದೆ.