ಫ್ಯಾನ್ ನಿಲ್ಲಿಸಿ ತೆಗೆದ ಕಣ್ಣಿನ ಚಿತ್ರ

ಕಣ್ಣಿನ ನರ ಸವೆದು ನೋಟ ಹೋಗುವ ಗ್ಲಾಕೋಮಾ ಕಾಯಿಲೆಯ ಸಂಶೋಧನೆಗೆಂದು ಮೈಸೂರಿನಲ್ಲಿ ನಾನು ಕಣ್ಣಿನ ಥರ್ಮಲ್ ಚಿತ್ರ, ಅಂದರೆ ಅದರ ಮೇಲ್ಮೈಯ ಬಿಸಿ ತೋರಿಸುವ ಚಿತ್ರ, ತೆಗೆಯಲು ಶುರುಮಾಡಿದ್ದು ಏಪ್ರಿಲ್ ತಿಂಗಳಲ್ಲಿ. ಮೊದಲ ವಾರದ್ದೆಲ್ಲ ಬಿಸಾಡಬೇಕಾಯಿತು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವರನ್ನು ಪಾಪ ಅಂತ ಫ್ಯಾನ್ ಕೆಳಗೆ ಕೂರಿಸಿ, ಅಲ್ಲೇ ಚಿತ್ರ ತೆಗೆದುಬಿಟ್ಟಿದ್ದೆ.

ಈ ಕ್ಯಾಮೆರಾ ಹಿಡಿಯುವುದು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಮೇಲಿನ ಕಣ್ಣೀರಿನ ತೆಳುಪದರದಿಂದ ಬರುವ ಇನ್‌ಫ್ರಾರೆಡ್ ಕಿರಣವನ್ನು. ಅಲ್ಲಿನ ಬಿಸಿ ಸುಮಾರು 34 ಡಿಗ್ರಿ. ರೆಪ್ಪೆ ಮಿಟುಕಿಸದೆ ಬಿಟ್ಟಷ್ಟೂ ನೀರು ಆವಿಯಾಗಿ ಇನ್ನೂ ತಣ್ಣಗಾಗುತ್ತದೆ. ನಮಗೆ ಬೇಕಾದ ವ್ಯತ್ಯಾಸವೋ ಒಂದು ಡಿಗ್ರಿಯೊಳಗಿನದು. ಫ್ಯಾನ್ ಗಾಳಿಗೆ ಅದು ಉಳಿಯುವುದೇ ಇಲ್ಲ.

ಇಷ್ಟು ಒದ್ದಾಟ ಏಕೆಂದರೆ, ಕಣ್ಣಿನೊಳಗಿನ ಒತ್ತಡ ಸಾಮಾನ್ಯ ಮಿತಿಯಾದ 21 mmHg ದಾಟದವರಲ್ಲೂ ಗ್ಲಾಕೋಮಾ ಬಂದು ನರ ಸವೆಯುತ್ತದೆ. ಅಂಥವರಲ್ಲಿ ಕಣ್ಣಿನ ಹಿಂದಿನ ರಕ್ತದ ಹರಿವು ಕಡಿಮೆಯೇ ಎಂಬ ಸಂಶಯವಿದೆ. ಕಾರ್ನಿಯಾಕ್ಕೆ ಒಳಗಿನಿಂದ ಬಿಸಿ ಬರುವುದೂ ಆ ರಕ್ತದಿಂದಲೇ. ಕಣ್ಣು ಮುಟ್ಟದೆ ಅದರ ಸುಳಿವು ಸಿಕ್ಕರೆ ಎಷ್ಟು ಒಳ್ಳೆಯದು!

ಆಮೇಲೆ ಎ.ಸಿ.ಯಿಂದ ಕೋಣೆಯನ್ನು 24 ಡಿಗ್ರಿಗೆ ತಂದು, ಗಾಳಿ ಮುಖಕ್ಕೆ ಬಡಿಯದಂತೆ ಕುರ್ಚಿ ತಿರುಗಿಸಿದೆ. ಬಂದವರು 20 ನಿಮಿಷ ಸುಮ್ಮನೆ ಕೂರಬೇಕು. ಕನ್ನಡಕ ತೆಗೆಸಲೇಬೇಕು, ಗಾಜು ಆ ಕಿರಣವನ್ನು ಬಿಡುವುದಿಲ್ಲ. ಒತ್ತಡ ನೋಡುವಾಗ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಕಾರ್ನಿಯಾ ಮುಟ್ಟುತ್ತೇವಲ್ಲ, ಅದನ್ನು ಚಿತ್ರ ಆದಮೇಲಕ್ಕೆ ಇಟ್ಟುಕೊಂಡೆ. ಒತ್ತಡ ಇಳಿಸುವ ಲ್ಯಾಟನೋಪ್ರಾಸ್ಟ್ ಡ್ರಾಪ್ಸ್ ಹಾಕುವವರಲ್ಲಿ ಕೆಲವರ ಕಣ್ಣು ಕೆಂಪಾಗಿರುತ್ತದೆ, ಅದೂ ಬಿಸಿಯನ್ನು ಬದಲಿಸಬಹುದು. ಚಿತ್ರಕ್ಕೋಸ್ಕರ ಔಷಧಿ ನಿಲ್ಲಿಸಿ ಎಂದು ಯಾರಿಗೂ ಹೇಳಲಿಲ್ಲ, ಹೇಳಲೂಬಾರದು. ಹಾಕಿದ ಹೊತ್ತು ಬರೆದುಕೊಂಡೆ, ಅಷ್ಟೆ.

ಪಾಂಡವಪುರದ ಕಡೆಯಿಂದ ಬಂದ ಅಜ್ಜಿ ಒಬ್ಬರಿಗೆ ಪಕ್ಕದ ನೋಟ ಹೋಗಿತ್ತು, ಒಳಗೆ ಬರುವಾಗಲೇ ಹೊಸ್ತಿಲು ಎಡವಿದರು. "ಯಾಕವ್ವ, ಈ ಸೆಕೇಲಿ ಫ್ಯಾನ್ ನಿಲ್ಸ್‌ಬುಟ್ಟೆ?" ಅಂದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ರಿಂದ ಕಣ್ಣು ವಾಸಿ ಆಯ್ತದೇನವ್ವ?" ಅಂತ ಕೇಳಿದರು.

"ಇಲ್ಲ ಅಜ್ಜಿ. ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದು ಉಳೀಬೇಕು ಅಂದ್ರೆ ಡ್ರಾಪ್ಸ್ ಮಾತ್ರ ಬಿಡಬೇಡಿ. ಈ ಚಿತ್ರ ಮುಂದೆ ಬೇರೆಯವರಿಗೆ ಉಪಯೋಗಕ್ಕೆ ಬರಬಹುದು."

"ತೆಗಿ ಮತ್ತೆ," ಅಂದು ಗಲ್ಲವನ್ನು ಸ್ಟ್ಯಾಂಡಿನ ಮೇಲಿಟ್ಟರು.

ಹೊರಗಿನ ಬೆಂಚಿನಲ್ಲಿ ಅವರ ಮಗ ಕಾಯುತ್ತಿದ್ದರು. ಈ ಕಾಯಿಲೆ ಮನೆತನದಲ್ಲಿ ಬರುವಂಥದ್ದು. ಅವರು ಕಣ್ಣು ತೋರಿಸಿಕೊಂಡೇ ಇರಲಿಲ್ಲ. ಅವತ್ತೇ ಒಳಗೆ ಕರೆದು ಅವರ ಒತ್ತಡವನ್ನೂ ನೋಡಿಸಿದೆ.